ಸ್ವಂತ ಕೈಬರಹದಲ್ಲಿ ಒಂದು ಪುಟ

"ಇರುವೆ ಯಾಕೆ ನಿದ್ದೆ ಮಾಡೋದಿಲ್ಲ ಅಂತ ದಿನಾ ಕೇಳ್ತೀಯಲ್ಲ, ಅದನ್ನ ಮರೀದೆ ಹೇಳು" ಎಂದು ಸ್ಕೂಲಿನ ರಿಸೆಪ್ಷನ್ನಿನಲ್ಲಿ ಪಕ್ಕದ ಸೋಫಾದ ಹೆಂಗಸು ತನ್ನ ಮಗನ ಕಿವಿಯಲ್ಲಿ ತೆಲುಗಿನಲ್ಲಿ ಪಿಸುಗುಟ್ಟಿದ್ದು ಕೇಳಿ ಹೇಮಾಕ್ಷಿ ಥಟ್ಟನೆ ಆ ಕಡೆ ತಿರುಗಿದಳು.

ಆ ಇರುವೆ ಅವಳದು. ಅಂದರೆ ಅವಳ ಮಗಳು ಅಪೂರ್ವಳದು. ಅಥವಾ ಈ ಕ್ಷಣದ ತನಕ ಅವಳು ಹಾಗೆಂದುಕೊಂಡಿದ್ದಳು. ಸೀಟಿನ ಅರ್ಜಿಗೆಂದು ವಿಜಯವಾಡದ ಲಿಂಗರಾಜು ಮಾಸ್ತರು ಬರೆದುಕೊಟ್ಟ ಇಂಗ್ಲಿಷ್ ಪುಟವನ್ನು ಮೂರು ದಿನ ಕೂತು, ಅರ್ಧ ಅರ್ಥವಾಗಿ ಅರ್ಧ ಆಗದೆ, ರಂಗೋಲಿ ಎಳೆದ ಹಾಗೆ ಒಂದೊಂದೇ ಅಕ್ಷರ ಎಳೆದು ನಕಲು ಮಾಡಿದ್ದಳು. ಅದರಲ್ಲಿ ಮಗು ಮಳೆಗಾಲದಲ್ಲಿ ಮೆಟ್ಟಿಲ ಮೇಲೆ ಕೂತು ಇರುವೆಗಳನ್ನು ನೋಡುತ್ತದೆ, ಅವು ಯಾಕೆ ನಿದ್ದೆ ಮಾಡುವುದಿಲ್ಲ ಎಂದು ಕೇಳುತ್ತದೆ, ಇತ್ಯಾದಿ. ಅಪೂರ್ವ ಇರುವೆ ಕಂಡರೆ ಚಪ್ಪಲಿ ಹುಡುಕುವ ಪೈಕಿ. ಆದರೂ ಪುಟ ಚೆನ್ನಾಗಿತ್ತು.

"ಏನ್ರೀ," ಎಂದು ಹೇಮಾಕ್ಷಿ ಗಂಡನ ತೋಳು ಹಿಡಿದಳು. "ಆಕಿ ಮಗನೂ ಇರುವಿ ನೋಡ್ತಾನಂತ."

ಸೂರ್ಯಪ್ರಕಾಶ ಕಿಟಕಿಯಾಚೆ ಕಾಣುತ್ತಿದ್ದ ಸಮುದ್ರದ ಕಡೆ ಮುಖ ಮಾಡಿ ಕೂತಿದ್ದ. ವಿಜಯವಾಡದ ಆಟೋನಗರದಲ್ಲಿ ಲಾರಿ ಬಿಡಿಭಾಗಗಳ ಅಂಗಡಿ ಇಟ್ಟವನು ಅವನು. ಅವನ ತಾಯಿ ಹೇಮಾಕ್ಷಿಯ ಸೋದರತ್ತೆ. ಸಿಂಧನೂರಿನಿಂದ ಆ ಮನೆಗೆ ಮೊದಲು ಅತ್ತೆ ಬಂದಳು, ಆಮೇಲೆ ಸೊಸೆ ಬಂದಳು. ಹೀಗಾಗಿ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತೆಲುಗು.

"ನೋಡ್ಲಿ ಬಿಡು. ಇರುವಿಗೇನ್ ಬರಗಾಲನಾ?"

"ಲಿಂಗರಾಜು ಮಾಸ್ತರ ಎಲ್ಲಾರಿಗೂ ಅದನ್ನ ಬರದುಕೊಟ್ಟಾರ್ರೀ!"

ಈಗ ಅವನಿಗೂ ಅರ್ಥವಾಯಿತು. ಎಲ್ಲರ ಮನೆಯ ದೋಸೆಯೂ ತೂತು ಅನ್ನುತ್ತಾರೆ, ಸರಿ. ಆದರೆ ಎಲ್ಲರ ಮನೆಯ ದೋಸೆಗೂ ಅದೇ ಜಾಗದಲ್ಲಿ ತೂತು ಬಿದ್ದರೆ ಯಾರಿಗಾದರೂ ಗೊತ್ತಾಗದೆ ಇರುತ್ತದೆಯೇ?

ವಿಜಯವಾಡದಿಂದ ರೈಲಿನಲ್ಲಿ ಆರು ತಾಸಿನ ದೂರದಲ್ಲಿ, ಮಧುರವಾಡ ದಾಟಿ, ಗುಡ್ಡದ ಪಕ್ಕದಲ್ಲಿ ಎದ್ದಿದ್ದ ಈ ಇಂಟರ್‌ನ್ಯಾಷನಲ್ ಸ್ಕೂಲಿಗೆ ಎರಡು ವರ್ಷ ತುಂಬಿತ್ತು. ಅದರ ಪುಸ್ತಿಕೆಯನ್ನು ಹೇಮಾಕ್ಷಿ ದೇವರ ಪಟದ ಹಿಂದೆ ಇಟ್ಟು ನಿತ್ಯ ತೆಗೆದು ನೋಡುತ್ತಿದ್ದಳು. ಅಲ್ಲಿ ರ್‍ಯಾಂಕ್ ಇಲ್ಲ. ಐದನೇ ಕ್ಲಾಸಿನ ಮಕ್ಕಳು ತಾವೇ ನಾಟಕ ಬರೆದು ಆಡುತ್ತಾರೆ, ತರಕಾರಿ ಬೆಳೆಯುತ್ತಾರೆ, ಭಾನುವಾರ ಸಮುದ್ರದ ದಂಡೆಗೆ ಹೋಗುತ್ತಾರೆ. ಟ್ಯೂಷನ್ನಿಗೆ ಕಳಿಸುವ ಹಾಗಿಲ್ಲ. ಅಪ್ಪ ಅಮ್ಮ ಇಬ್ಬರೂ ಸಂದರ್ಶನಕ್ಕೆ ಬರಬೇಕು, ವರ್ಷಕ್ಕೆ ಮೂರು ಸಲ ಬಂದು ಕ್ಲಾಸಿನಲ್ಲಿ ಮಕ್ಕಳ ಜೊತೆ ಕೂರಬೇಕು. ಮತ್ತೆ ಆ ಪುಟ: ನಿಮ್ಮ ಮಗುವನ್ನು ನಮಗೆ ಪರಿಚಯ ಮಾಡಿಕೊಡಿ, ಸ್ವಂತ ಕೈಬರಹದಲ್ಲಿ, ನಿಮಗೆ ಬರುವ ಯಾವ ಭಾಷೆಯಲ್ಲಾದರೂ ಸರಿ.

ಇಂಗ್ಲಿಷ್ ಸ್ಕೂಲು 'ಯಾವ ಭಾಷೆಯಾದರೂ ಸರಿ' ಅನ್ನುತ್ತದೆಯೆಂದರೆ ಅದರಲ್ಲಿ ಏನೋ ಮಸಲತ್ತು ಇದೆ ಎಂದು ವಿಜಯವಾಡದಲ್ಲಿ ಯಾರಿಗೆ ತಾನೇ ಅನ್ನಿಸುವುದಿಲ್ಲ? ಯಾವ ಪರೀಕ್ಷೆಗೂ ಗೈಡು ಸಿಗುವ ಊರು ಅದು. ಹುಡುಕಿದರೆ ಲಿಂಗರಾಜು ಮಾಸ್ತರರೂ ಸಿಕ್ಕರು.

ಐದನೇ ಕ್ಲಾಸಿಗೆ ಉಳಿದಿದ್ದು ಎರಡು ಸೀಟು. ಬಂದವರು ಒಂಬತ್ತು ಮನೆಯವರು. ಸೀಟು ಸಿಕ್ಕರೆ ಹೇಮಾಕ್ಷಿ ಮಗಳ ಜೊತೆ ಇಲ್ಲೇ ಬಾಡಿಗೆ ಮನೆ ಹಿಡಿದು ಇರುವುದೆಂದು ಮಾತಾಗಿತ್ತು. ಸೀಟು ಸಿಗದಿದ್ದರೆ ಏನೆಂದು ಸೂರ್ಯಪ್ರಕಾಶ ಮೊದಲೇ ಹೇಳಿಬಿಟ್ಟಿದ್ದ. ಜೂನ್ ತಿಂಗಳಿಗೆ ಅಪೂರ್ವ ಅವನ ಅಣ್ಣನ ಮಗ ಜಗನ್ಮೋಹನ್ ಇರುವ ವಿಜಯವಾಡದ ಕೋಚಿಂಗ್ ಹಾಸ್ಟೆಲ್ಲಿಗೆ. ಅಲ್ಲಿ ಬೆಳಿಗ್ಗೆ ಐದಕ್ಕೆ ಗಂಟೆ, ಕೋಣೆಗೆ ಹನ್ನೆರಡು ಮಂಚ, ತಿಂಗಳಿಗೊಂದು ಭಾನುವಾರ ಮನೆಯವರ ಮುಖ. ಅಲ್ಲಿನ ಕಬ್ಬಿಣದ ಗೇಟಿನೊಳಗೆ ಅಪೂರ್ವಳನ್ನು ಬಿಟ್ಟು ಬರಲು ಹೇಮಾಕ್ಷಿ ಒಪ್ಪಲಿಲ್ಲ. ಇದೊಂದು ಮಾತಿಗೆ ಅವಳು ಗಂಡನ ಜೊತೆ ಮೂರು ತಿಂಗಳು ಜಗಳಾಡಿ, ಬೆಳಗಿನ ರತ್ನಾಚಲ್ ಎಕ್ಸ್‌ಪ್ರೆಸ್ ಹತ್ತಿಸಿಕೊಂಡು ಇಲ್ಲಿಯವರೆಗೆ ಕರೆತಂದಿದ್ದಳು. ಈಗ ಇರುವೆಯ ಕಾಲಿಗೆ ಸಿಕ್ಕಿ ಎಡವಿ ಬೀಳುವುದೆಂದರೆ!

"ಪರವಾಲೇದು, ಚಿಂತಿ ಬ್ಯಾಡ, ಯಾರ್ ಓದ್ತಾರದನ್ನ," ಎಂದ ಸೂರ್ಯಪ್ರಕಾಶ.

ಹೇಮಾಕ್ಷಿ ಎದ್ದು ರಿಸೆಪ್ಷನ್ ಮೇಜಿನ ಹುಡುಗಿಯ ಹತ್ತಿರ ಹೋದಳು. ಮಾನಸ ಎಂದು ಎದೆಯ ಮೇಲೆ ಹೆಸರಿದ್ದ ಆ ಹುಡುಗಿ, ಫೈಲು ಒಳಗೆ ಹೋಗಿಯಾಯಿತು, ವಾಪಸು ಕೊಡುವ ಹಾಗಿಲ್ಲ ಎಂದು ನಗುತ್ತಲೇ ಹೇಳಿದಳು.

"ಹಂಗಾರ ಒಂದು ಬಿಳಿ ಹಾಳಿ ಕೊಡು ತಾಯಿ," ಎಂದಳು ಹೇಮಾಕ್ಷಿ. ಗಾಬರಿಯಲ್ಲಿ ಕನ್ನಡವೇ ಬಾಯಿಗೆ ಬಂದಿತ್ತು. ಅವಳು ಕೈಯಾಡಿಸಿದ್ದು ನೋಡಿಯೇ ಹುಡುಗಿ ಹಾಳೆ ಕೊಟ್ಟಳು, ಪೆನ್ನೂ ಕೊಟ್ಟಳು.

ಒಳಗೆ ಕರೆಯಲು ಇಪ್ಪತ್ತು ನಿಮಿಷವಿತ್ತು. ಮೊದಲ ಐದು ನಿಮಿಷ ಹಾಳೆ ಬಿಳಿಯಾಗಿಯೇ ಇತ್ತು. ಗಣಿತದಲ್ಲಿ ತೊಂಬತ್ತೆರಡು ಎಂದು ಬರೆಯಲೇ? ಭರತನಾಟ್ಯ ಎರಡು ವರ್ಷ? ಹೆತ್ತ ಮಗಳ ಬಗ್ಗೆ ಒಂದು ಪುಟ ಬರೆಯಲಿಕ್ಕೆ ಮಾಸ್ತರರಿಗೆ ಕೈ ಚಾಚಿದ್ದು ನೆನೆದು ಅವಳಿಗೆ ನಾಚಿಕೆಯಾಯಿತು. ಅಪೂರ್ವ ಮೀನಿನ ತೊಟ್ಟಿಯ ಗಾಜಿಗೆ ಮೂಗು ಒತ್ತಿ ನಿಂತು, ಒಳಗಿನ ಮೀನಿಗೆ ಅಣಕಿಸುತ್ತಿದ್ದಳು. ಆ ಒತ್ತಿದ ಮೂಗು ನೋಡುತ್ತ ನೋಡುತ್ತ ಹೇಮಾಕ್ಷಿಗೆ ಒಂದು ಸಂಗತಿ ನೆನಪಾಯಿತು. ಅದನ್ನು ಮೂರನೆಯವರಿಗೆ ಹೇಳುವಂತಿರಲಿಲ್ಲ, ಗಂಡನಿಗಂತೂ ಮೊದಲೇ ಇಲ್ಲ. ಆದರೆ ಬೇರೆ ಯಾವುದೂ ಕೈಗೆ ಬರಲಿಲ್ಲ. ಪೆನ್ನು ಒಮ್ಮೆ ಓಡತೊಡಗಿದ ಮೇಲೆ ನಿಲ್ಲಲೂ ಇಲ್ಲ. ಹತ್ತು ವರ್ಷದಿಂದ ಕಿರಾಣಿ ಚೀಟಿ ಬಿಟ್ಟರೆ ಕನ್ನಡದಲ್ಲಿ ಏನೂ ಬರೆಯದ ಕೈ ಅದು.

ಮೂವರನ್ನೂ ಒಳಗೆ ಕರೆದರು.

ಪ್ರಿನ್ಸಿಪಾಲ್ ಶಾರದಾ ಮೇಡಂ ಪುಣೆಯ ಕಡೆಯವರು. ಬಾಬ್ ಕಟ್ ಮಾಡಿದ ನರೆಗೂದಲು, ಖಾದಿ ಸೀರೆ. ಇಂಗ್ಲಿಷು, ಹಿಂದಿ ಬಿಟ್ಟರೆ ನಾಲ್ಕು ಮಾತು ತೆಲುಗು. ಅವರು ಫೈಲು ಬಿಚ್ಚಿ ಮೊದಲ ಸಾಲು ಓದಿದರು, ನಿಟ್ಟುಸಿರು ಬಿಟ್ಟರು. "ಇವತ್ತು ಇರುವೆಗಳ ದಿನ ಅಂತ ಕಾಣುತ್ತೆ. ಇದು ಮೂರನೆಯದು," ಎಂದರು ಇಂಗ್ಲಿಷಿನಲ್ಲಿ.

ಸೂರ್ಯಪ್ರಕಾಶ ಕರ್ಚೀಫಿನಿಂದ ಕತ್ತು ಒರೆಸಿಕೊಂಡ. ಅವನು ಏನಾದರೂ ಸಮಜಾಯಿಷಿ ಹುಡುಕುವುದರೊಳಗೆ ಹೇಮಾಕ್ಷಿ ಎದ್ದು ನಿಂತುಬಿಟ್ಟಳು.

"ಅದು ನಂದಲ್ಲ ಮೇಡಂ. ಮಾಸ್ತರ್ದು. ನಂದು ಇದು." ಕೈಯಲ್ಲಿದ್ದ ಹಾಳೆ ಮುಂದೆ ಮಾಡಿದಳು. ಗಂಡನ ಕಡೆ ತಿರುಗಿ, "ಹೇಳ್ರೀ," ಎಂದಳು.

ಅವನು ಹೇಳಿದ. ಲಾರಿ ಮಾಲೀಕರ ಜೊತೆ, ಮದ್ರಾಸಿನ ಡೀಲರುಗಳ ಜೊತೆ ಬಳಸಿ ಬಳಸಿ ಸವೆದ ಇಂಗ್ಲಿಷು ಅವನದು. ಅಂದವಿಲ್ಲ, ಆದರೆ ಎಲ್ಲಿಯೂ ಕೆಟ್ಟು ನಿಲ್ಲುವುದಿಲ್ಲ. ಶಾರದಾ ಮೇಡಂ ಹಾಳೆ ತಿರುಗಿಸಿ ನೋಡಿ, ಇದು ನನಗೆ ಬರದ ಲಿಪಿ, ನೀವೇ ಓದಿ, ಇವರು ಇಂಗ್ಲಿಷಿನಲ್ಲಿ ಹೇಳಲಿ ಎಂದು ಕುರ್ಚಿಗೆ ಒರಗಿ ಕೂತರು.

ಹೇಮಾಕ್ಷಿ ಹಾಳೆ ವಾಪಸು ಇಸಕೊಂಡಳು. ಓದತೊಡಗಿದಳು.

"ಹೋದ ನವಂಬರದಾಗ ಜಗನ್ಮೋಹನನ್ನ ನೋಡಾಕ ಹಾಸ್ಟೆಲ್ಲಿಗೆ ಹೋಗಿದ್ವಿ. ಐದು ಮಂದಿಗೆ ಆಗೋವಷ್ಟು ಪುಳಿಹೋರಿ, ಹೋಳಿಗಿ ಕಟಗೊಂಡಿದ್ದೆ. ಬೇವಿನ ಗಿಡದ ಕೆಳಗ ಕ್ಯಾರಿಯರ್ ಇಟ್ಟು, ನೀರು ತರಾಕ ಹೋಗಿ ಬರೂದ್ರಾಗ ಅಪೂರ್ವ ಹನ್ನೊಂದು ಹುಡುಗೂರನ್ನ ಕರಕೊಂಡು ಬಂದು ಸಾಲಾಗಿ ಕುಂದರಿಸಿದ್ಲು. ಅವತ್ತು ಅವರ ಮನಿಯಿಂದ ಯಾರೂ ಬಂದಿದ್ದಿಲ್ಲ. ಒಬ್ಬಾಕಿನೂ ನನಗ ಪರಿಚಯದಾಕಿ ಅಲ್ಲ, ಒಬ್ಬಾವನೂ ಪರಿಚಯದಾವ ಅಲ್ಲ. ಇಕಿ ಮಾತ್ರ ಮದುವಿ ಮನಿ ಯಜಮಾನ್ತಿ ಹಂಗ ಬಡಿಸಾಕ ಹತ್ತಿದ್ಲು."

ಸೂರ್ಯಪ್ರಕಾಶ ಇಷ್ಟನ್ನೂ ಇಂಗ್ಲಿಷಿಗೆ ತಂದ. ಹನ್ನೊಂದು ಎಂಬಲ್ಲಿ ಅನುಮಾನವಾಗಿ ಹೆಂಡತಿಯ ಮುಖ ನೋಡಿದ. ಅವಳು ತಲೆಯೆತ್ತಲಿಲ್ಲ.

"ಎಲ್ಲಾ ಖಾಲಿ ಆತು. ಇಕಿ ಅಪ್ಪ ಅಂಗಡಿ ಮುಚ್ಚಿ ಉಣ್ಣಾಕ ಅಲ್ಲಿಗೇ ಬರೋರಿದ್ರು. ನನಗ ಸಿಟ್ಟು ಬಂತು. ಅಪೂರ್ವನ್ನ ಆಟೋದ ಹಿಂದ ಕರಕೊಂಡು ಹೋಗಿ ತೊಡಿ ಚೂಟಿದೆ. ಅಳಲಿಲ್ಲ. 'ಇನ್ನೂ ಮೂರು ಮಂದಿ ಉಳದಾರವ್ವಾ, ಬಾಳೆಹಣ್ಣು ಐತೇನು' ಅಂತ ಕೇಳಿದ್ಲು. ಇಕಿ ಅಪ್ಪ ಬಂದ ಮ್ಯಾಲೆ, ಮಂಗ್ಯಾ ಬಂದು ಕ್ಯಾರಿಯರ್ ಕೆಡವಿ ಹೋತು ಅಂತ ಸುಳ್ಳು ಹೇಳಿದೆ."

ಅನುವಾದ ನಿಂತಿತು.

"ಮಂಗ್ಯಾ ಬಂದಿದ್ದಿಲ್ಲಾ?" ಎಂದ ಸೂರ್ಯಪ್ರಕಾಶ, ಪ್ರಿನ್ಸಿಪಾಲರು ಎದುರಿಗಿರುವುದನ್ನೇ ಮರೆತು. "ನಾನು ಆಟೋನಗರ ತುಂಬಾ ಹೇಳ್ಕೊಂಡು ತಿರಿಗೀನಿ ಕದಾ! ಇಷ್ಟೆತ್ತರ ಮಂಗ್ಯಾ, ಕೆಂಪು ಮೂತಿ ಅಂತ!"

"ಕೆಂಪು ಮೂತಿ ನೀವ ಸೇರಿಸಿದ್ದು."

"ಏನಂತೆ?" ಎಂದು ಮೇಡಂ ಮುಂದೆ ಬಾಗಿದರು.

ಸೂರ್ಯಪ್ರಕಾಶ ಅವರ ಕಡೆ ತಿರುಗಿದ. "ದೇರ್ ವಾಸ್ ನೋ ಮಂಕಿ, ಮೇಡಂ," ಎಂದ, ಸಾಕ್ಷಿಕಟ್ಟೆಯಲ್ಲಿ ನಿಂತವನ ಗಾಂಭೀರ್ಯದಿಂದ. ಶಾರದಾ ಮೇಡಂ ತುಟಿ ಬಿಗಿಹಿಡಿದು ನೋಡಿದರು, ಆಗಲಿಲ್ಲ. ಕನ್ನಡಕ ತೆಗೆದು ನಕ್ಕರು. ಅಪೂರ್ವಳೂ ನಕ್ಕಳು. ಹೇಮಾಕ್ಷಿ ಮಾತ್ರ ನಗಲಿಲ್ಲ, ಇನ್ನೂ ಎರಡು ಸಾಲು ಉಳಿದಿತ್ತು.

"ಚೂಟಿದ್ದು ತಪ್ಪು ಅಂತ ನನಗ ಅವತ್ತ ಗೊತ್ತಾತು. ಆದರ ಆಕಿಗೆ ಇನ್ನಾ ಹೇಳಿಲ್ಲ."

ಈ ಸಾಲಿಗೆ ಸೂರ್ಯಪ್ರಕಾಶ ಬಹಳ ಹೊತ್ತು ತೆಗೆದುಕೊಂಡ. ಇಂಗ್ಲಿಷ್ ಬರದೆ ಅಲ್ಲ. ಕಡೆಗೆ ಮೆಲ್ಲಗೆ ಹೇಳಿ ಮುಗಿಸಿದ. ಅಪೂರ್ವ ತಾಯಿಯ ಮುಖವನ್ನು ಮೊದಲ ಸಲ ನೋಡುತ್ತಿರುವವಳಂತೆ ನೋಡಿದಳು. ತೊಡೆಯ ಮೇಲೆ, ಅದೇ ಜಾಗದಲ್ಲಿರಬೇಕು, ಕೈ ಇಟ್ಟುಕೊಂಡಿದ್ದಳು.

ಮೇಡಂ ಅವಳನ್ನು ಕೇಳಿದರು, ಆ ಮಕ್ಕಳೆಲ್ಲ ನಿನ್ನ ಸ್ನೇಹಿತರೇ ಎಂದು.

"ನೋ ಮೇಡಂ," ಎಂದಳು ಅಪೂರ್ವ. ಇಂಗ್ಲಿಷಿಗೆ ಸ್ವಲ್ಪ ತಡವರಿಸಿದಳು, ಆಮೇಲೆ ತೆಲುಗು ಬೆರೆಸಿ ಹೇಳಿದಳು. "ನಾವು ಉಣ್ಣೋದನ್ನ ಅವರು ನೋಡ್ತಾ ಇದ್ದರು. ಅದಕ್ಕೆ."

ಅಷ್ಟೇ. ಮೇಡಂ ಇರುವೆಯ ಪುಟವನ್ನು ಫೈಲಿನಿಂದ ಬಿಚ್ಚಿ ಹೇಮಾಕ್ಷಿಗೆ ವಾಪಸು ಕೊಟ್ಟರು, ಕನ್ನಡದ ಹಾಳೆಯನ್ನು ಅದೇ ಜಾಗದಲ್ಲಿ ಸೇರಿಸಿ ಪಿನ್ನು ಹೊಡೆದರು. ಎರಡು ಹೆಸರು ಸೋಮವಾರ ಫೋನಿನಲ್ಲಿ ತಿಳಿಸುತ್ತೇವೆ ಎಂದರು.

ಹೊರಗೆ ಬಂದಾಗ ಹೇಮಾಕ್ಷಿಯ ಕಾಲು ನೆಲದ ಮೇಲಿರಲಿಲ್ಲ. ಸೀಟು ಸಿಕ್ಕೇಬಿಟ್ಟಿತೆಂದು ಅವಳ ಒಳಗಿನ ಯಾವುದೋ ಹುಡುಗಿ ಕುಣಿಯುತ್ತಿದ್ದಳು. ಸೂರ್ಯಪ್ರಕಾಶನಿಗೂ ಹಾಗೇ ಅನ್ನಿಸಿರಬೇಕು, ಮಗಳ ಜಡೆ ಎಳೆದು, "ಹನ್ನೊಂದು ಮಂದಿನಾ? ನಿಮ್ಮಪ್ಪಗ ಒಂದು ಹೋಳಿಗಿ ಉಳಿಸಬಾರದಾಗಿತ್ತಾ?" ಎಂದು ಗದರಿಸುವ ದನಿಯಲ್ಲಿ ಮುದ್ದು ಮಾಡಿದ.

ಪಕ್ಕದ ಸೋಫಾದ ಹೆಂಗಸು ಎದ್ದು ಬಂದಳು. ದುರ್ಗಾಭವಾನಿ ಎಂದು ಹೆಸರು ಹೇಳಿಕೊಂಡಳು. ಅವಳೂ ವಿಜಯವಾಡದವಳೇ, ಗಂಡ ಪರವಾಡದ ಔಷಧಿ ಕಾರ್ಖಾನೆಗೆ ಹೊಸದಾಗಿ ಸೇರಿದವನು. ಅವನು ಶಿಫ್ಟು ಮುಗಿಸಿ ಇನ್ನೇನು ಬರಬೇಕು, ತಮ್ಮನ್ನು ಕಟ್ಟಕಡೆಗೆ ಕರೆಯುತ್ತಾರಂತೆ. "ಒಳಗೆ ಏನು ಕೇಳಿದರಂಡಿ, ವದಿನಾ?" ಎಂದಳು, ಹೇಮಾಕ್ಷಿಯನ್ನು ಅತ್ತಿಗೆಯೆಂದೇ ಕರೆದು. ಅವಳ ಮಗ ತೇಜ ಎಣ್ಣೆ ಹಚ್ಚಿ ಬಾಚಿದ ತಲೆ ಬಗ್ಗಿಸಿ, ತುಟಿ ಅಲ್ಲಾಡಿಸುತ್ತ ಇರುವೆ ಪಾಠ ಒಪ್ಪಿಸಿಕೊಳ್ಳುತ್ತಿದ್ದ.

ವಿಜಯವಾಡದ ರೀತಿ ಎಲ್ಲರಿಗೂ ಗೊತ್ತು. ಪರೀಕ್ಷೆಯ ಕೋಣೆಯಿಂದ ಹೊರಗೆ ಬಂದವರು "ಮಾಮೂಲೇ" ಅನ್ನುತ್ತಾರೆ, ನಡೆಯುತ್ತಾರೆ. ಹೇಮಾಕ್ಷಿಯೂ ಅಂದಳು. "ಏನಿಲ್ಲ, ಮಾಮೂಲೇ." ಸೂರ್ಯಪ್ರಕಾಶ ಆಗಲೇ ಬಾಗಿಲ ಹತ್ತಿರ ಹೋಗಿದ್ದ.

ನಾಲ್ಕು ಹೆಜ್ಜೆ ಇಟ್ಟಳು. ಹಾಸ್ಟೆಲ್ಲಿನ ಕಬ್ಬಿಣದ ಗೇಟು ಕಣ್ಣ ಮುಂದೆ ಬಂತು. ಅದರ ಒಳಗೆ ನಿಂತಿದ್ದದ್ದು ಮಾತ್ರ ಅಪೂರ್ವ ಅಲ್ಲ, ಎಣ್ಣೆ ಹಚ್ಚಿದ ತಲೆಯ ಈ ಹುಡುಗ. ಹೇಮಾಕ್ಷಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಎರಡೇ ಸೀಟು, ಎರಡೇ ಸೀಟು ಎಂದು ಮನಸ್ಸು ಕೂಗುತ್ತಿರುವಾಗಲೇ ಅವಳು ತಿರುಗಿದಳು.

"ಹೇಮಾ! ಬಸ್ಸಿಗೆ ಹೊತ್ತಾತು," ಎಂದ ಸೂರ್ಯಪ್ರಕಾಶ. ಹತ್ತಿರ ಬಂದು ದನಿ ತಗ್ಗಿಸಿದ. "ಎರಡ ಸೀಟು ಅದಾವ. ನಿಂಗೇನ್ ಹುಚ್ಚಾ?"

"ಇದ್ದರ ಇರ್ಲಿ ಬಿಡ್ರಿ," ಎಂದು ಅವಳು ದುರ್ಗಾಭವಾನಿಯ ಪಕ್ಕದಲ್ಲಿ ಕೂತಳು. ಲಿಂಗರಾಜು ಮಾಸ್ತರರ ಪುಟವನ್ನು ಅವಳ ಮಡಿಲಲ್ಲಿ ಬಿಚ್ಚಿಟ್ಟಳು. ದುರ್ಗಾಭವಾನಿ ಒಂದು ಸಾಲು ಓದಿದಳು, ಎರಡು ಓದಿದಳು.

"ಅಯ್ಯೋ, ನನ್ನ ಕರ್ಮವೇ! ಈಗೇನು ಮಾಡಲಿ?"

"ಬೇರೆ ಬರೀರಿ. ತೆಲುಗಿನಲ್ಲೇ ಬರೀರಿ, ಓದಿಸಿ ಕೇಳ್ತಾರೆ."

"ಏನಂತ ಬರೀಲಿ? ಇವನಿಗೆ ಹಾಡು ಬರಲ್ಲ, ಆಟ ಬರಲ್ಲ. ಲೆಕ್ಕದಲ್ಲೂ ಅಷ್ಟಕ್ಕಷ್ಟೇ. ಏನೂ ಇಲ್ಲ ವದಿನಾ ಇವನಲ್ಲಿ, ಬರೆಯೋವಂಥದ್ದು." ಅವಳ ಕಣ್ಣಲ್ಲಿ ನೀರು ತುಂಬಿತ್ತು. ತೇಜ ತುಟಿ ಅಲ್ಲಾಡಿಸುವುದನ್ನು ನಿಲ್ಲಿಸಿದ.

ಅಷ್ಟರಲ್ಲಿ ಯಾರೋ ಮಧ್ಯೆ ಕೈ ಚಾಚಿದರು. ಸೂರ್ಯಪ್ರಕಾಶ. ಮಾನಸಳ ಮೇಜಿನಿಂದ ಒಂದು ಬಿಳಿ ಹಾಳೆ ಇಸಕೊಂಡು ಬಂದಿದ್ದ. ಅದನ್ನು ಕೊಟ್ಟು, ಹೋಗಿ ಮೀನಿನ ತೊಟ್ಟಿಯ ಮುಂದೆ ಮಗಳ ಪಕ್ಕದಲ್ಲಿ ನಿಂತ.

ಹೇಮಾಕ್ಷಿ ದುರ್ಗಾಭವಾನಿಯ ಕೈಯಲ್ಲಿ ಪೆನ್ನು ಇಟ್ಟಳು.

"ಇವನಿಗೆ ಕಡೇ ಸಲ ಯಾವಾಗ ಹೊಡೆದಿರಿ?" ಎಂದಳು. "ಯಾಕೆ ಹೊಡೆದಿರಿ?"

ದುರ್ಗಾಭವಾನಿ ಮಗನ ಕಡೆ ತಿರುಗಿದಳು. ಸೆರಗಿನಿಂದ ಮೂಗು ಒರೆಸಿಕೊಂಡಳು, ಏನೋ ನೆನಪಾಗಿ ಅಳುವಿನ ನಡುವೆಯೇ ಫಕ್ಕನೆ ನಕ್ಕಳು. ಹಾಳೆಯ ಮೇಲೆ ಬಾಗಿ ಬರೆಯತೊಡಗಿದಳು. ಏನು ಬರೆಯುತ್ತಾಳೆಂದು ತೇಜ ಕತ್ತು ಚಾಚಿ ಇಣುಕಿದ. ಅವಳು ಎಡಗೈ ಅಡ್ಡ ಇಟ್ಟು ಮುಚ್ಚಿಕೊಂಡಳು.