ಗ್ಲಾಸು ಏರಿಸಿ ಕೂತವಳು

"ಏ ನಾಯಿಮೂಗು, ಹಾಗೇ ಕುಂಡೆ ಊರ್ತೀಯಲ್ಲೇ ಸೀಟಿನ ಮೇಲೆ! ಪೇಪರ್ ಹಾಸ್ಕೊಳ್ಳೇ ಮೊದ್ಲು. ದೊಡ್ಡೋರು ಕೂರೋ ಕಾರು ಅದು, ನಿಮ್ಮಪ್ಪನ ಮನೆ ಜಗಲಿ ಅಲ್ಲ."

ಒಂದು ಕಾಲು ಕಾರಿನೊಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡು ಅವಳು ನಿಂತುಬಿಟ್ಟಳು. ಗ್ಯಾರೇಜಿನ ಧಣಿ ಎಸೆದ ಹಳೇ ಪೇಪರು ಅವಳ ಬೆನ್ನಿಗೆ ಬಡಿದು ನೆಲಕ್ಕೆ ಬಿತ್ತು. ಬಗ್ಗಿ ಎತ್ತಿಕೊಂಡು, ಕೊಡವಿ, ಸೀಟಿನ ಮೇಲೆ ಹಾಸಿ, ಅದರ ಅಂಚು ದಾಟದ ಹಾಗೆ ಮೈ ಮುದುಡಿ ಕೂತಳು. ಕಾರಿನ ಒಡೆಯ ದೂರದಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ನೋಡುತ್ತಿದ್ದ.

"ಬಾಗಿಲು ಹಾಕು. ಗ್ಲಾಸು ಏರ್ಸು. ಬಗ್ಗು, ಬಗ್ಗು!"

ಪೆಟ್ರೋಲು ಕುಡಿಯುತ್ತಿದ್ದ ಕಾರುಗಳಿಗೆ ಗ್ಯಾಸಿನ ರೂಢಿ ಹಿಡಿಸುವ ಗ್ಯಾರೇಜು ಅದು. ಡಿಕ್ಕಿಯಲ್ಲಿ ಟ್ಯಾಂಕು, ಹೊಟ್ಟೆಯಡಿಯಲ್ಲಿ ತಾಮ್ರದ ಪೈಪು, ಎಂಜಿನ್ನಿನ ಮಗ್ಗುಲಲ್ಲಿ ಗ್ಯಾಸನ್ನು ಹದಮಾಡಿ ಬಿಡುವ ಡಬ್ಬಿ, ಸ್ಟಿಯರಿಂಗಿನ ಪಕ್ಕದಲ್ಲಿ ಪೆಟ್ರೋಲೋ ಗ್ಯಾಸೋ ಎಂದು ಆರಿಸುವ ಸ್ವಿಚ್ಚು. ಇದನ್ನೆಲ್ಲ ಜೋಡಿಸುವವನು ಅವಳ ಗಂಡ, ಫಿಟ್ಟರು. ಜೋಡಿಸಿದ ಮೇಲೆ ಎಲ್ಲಾದರೂ ಸೋರುತ್ತಿದೆಯೇ ಎಂದು ಮೂಸಿ ಹೇಳುವವಳು ಇವಳು. ಗಿರಾಕಿಯ ಕಣ್ಣೆದುರಿಗೇ ಒಳಗೊಂದು ಜೀವವನ್ನು ಕೂರಿಸಿ, ಗ್ಲಾಸು ಏರಿಸಿ, ಗ್ಯಾಸಿನಲ್ಲಿ ಎಂಜಿನ್ ಓಡಿಸಿ ತೋರಿಸಿದ ಮೇಲೇ ಕಾರು ಕೊಡುವುದು ಅಲ್ಲಿಯ ಪದ್ಧತಿ. ಅದಕ್ಕೆ ಅವರೆಲ್ಲ 'ಕೂರ್ಸೋದು' ಎನ್ನುತ್ತಿದ್ದರು. "ಕೂರ್ಸಿ ಆಯ್ತಾ?" "ಇನ್ನೂ ಕೂರ್ಸಿಲ್ಲ ಧಣಿ." ಯಾರನ್ನು ಎಂದು ಯಾರೂ ಕೇಳುತ್ತಿರಲಿಲ್ಲ.

ಈ ಗ್ಯಾಸು ಮೇಲಕ್ಕೆ ಹೋಗುವಂಥದ್ದಲ್ಲ. ಭಾರ. ಸೋರಿದರೆ ಕಳ್ಳನ ಹಾಗೆ ನೆಲ ಹಿಡಿದು ಮಲಗುತ್ತದೆ. ಹಾಗಾಗಿ ಅವಳು ಸೊಂಟ ಮಡಚಿ, ಗಿರಾಕಿಗಳು ಚಪ್ಪಲಿ ಇಡುವ ಮ್ಯಾಟಿಗೆ ಮೂಗು ತಾಗಿಸಬೇಕು. ಹೊರಗಿನಿಂದ ನೋಡುವವರಿಗೆ ಕಾರಿನೊಳಗೆ ಯಾರೋ ಯಾರದೋ ಕಾಲಿಗೆ ಬಿದ್ದ ಹಾಗೆ ಕಾಣುತ್ತಿತ್ತು.

ಮ್ಯಾಟಿಗೆ ಮೂಗಿಟ್ಟುಕೊಂಡು ಅವಳು ಉಸಿರೆಳೆದಳು. ಕಿವಿ ಮಾತ್ರ ಡಿಕ್ಕಿಯ ಕಡೆಗಿತ್ತು. ಟಕ್, ಟಕ್. ಗಂಡನ ಸ್ಪ್ಯಾನರು ಮೆಲ್ಲಗೆ ತಗಡಿಗೆ ತಾಗಿದ ಸದ್ದು.

ಅವಳು ತಲೆಯೆತ್ತಿ, ಗ್ಲಾಸಿನಾಚೆಗೆ ಹೆಬ್ಬೆರಳು ತೋರಿಸಿದಳು.

"ನೋಡಿದ್ರಾ ಸಾರ್? ಈ ಮೂಗಿನ ಮುಂದೆ ಯಾವ ಫಾರಿನ್ ಮಿಷನ್ನೂ ಇಲ್ಲ," ಧಣಿ ನಕ್ಕ. ಕಾರಿನ ಒಡೆಯ ನಗಲಿಲ್ಲ. ಅವಳು ಇಳಿದ ಕೂಡಲೇ ಪೇಪರನ್ನು ಎರಡು ಬೆರಳಲ್ಲಿ ಹಿಡಿದು ಹೊರಗೆಸೆದು, ಸೀಟಿಗೆಲ್ಲ ಸೆಂಟು ಹೊಡೆದು, ಆಮೇಲೆ ಹತ್ತಿದ.

ಆ ಸೆಂಟಿನ ವಾಸನೆಯೂ ಅವಳಿಗೆ ಬರಲಿಲ್ಲ.

ಅವಳು ಅಲ್ಲಿಗೆ ಬಂದಿದ್ದು ಕಸ ಗುಡಿಸಲು. ಒಂದು ದಿನ ಪೊರಕೆ ಹಿಡಿದು ನಿಂತಲ್ಲೇ "ಏನೋ ಕೊಳೆತ ನಾತ ಬರ್ತಿದೆಯಲ್ಲ" ಅಂದಿದ್ದಳು. "ನಿನ್ನ ಬಾಯೇ ಇರ್ಬೇಕು ನೋಡ್ಕೊ" ಎಂದು ಎಲ್ಲರೂ ನಕ್ಕರು. ಫಿಟ್ಟರು ಮಾತ್ರ ಸೋಪಿನ ನೀರಿನ ಮಗ್ಗು ತಂದು, ಜಾಯಿಂಟುಗಳಿಗೆ ಬ್ರಶ್ಶಿನಲ್ಲಿ ಹಚ್ಚಿ ನೋಡಿದ. ಒಂದು ಕಡೆ ನೊರೆ ಉಬ್ಬುಬ್ಬಿ ಬಂತು. ಯಾರ ಮೂಗಿಗೂ ಸಿಗದ ಎಳೆಯಷ್ಟು ಸೋರಿಕೆ ಅದು. ಅವತ್ತೇ ಧಣಿ ಅವಳ ಕೈಯಿಂದ ಪೊರಕೆ ಕಸಿದು ಬಿಸಾಡಿದ. ಸೋರಿಕೆ ಹಿಡಿಯುವ ಮಿಷನ್ನನ್ನು ಆಫೀಸಿನ ಗಾಜಿನ ಬೀರುವಿನಲ್ಲಿ ಇಟ್ಟು ಬೀಗ ಜಡಿದ. ತಪಾಸಣೆಯ ಅಧಿಕಾರಿ ಬಂದ ದಿನ ಮಿಷನ್ನು ಹೊರಗೆ ಬರುತ್ತಿತ್ತು, ಇವಳು ಹಿಂದಿನ ಶೆಡ್ಡಿಗೆ ಹೋಗುತ್ತಿದ್ದಳು. ಅಧಿಕಾರಿ ಹೋದ ಮೇಲೆ ಅದು ಒಳಗೆ, ಇವಳು ಹೊರಗೆ.

ಆ ಶೆಡ್ಡೇ ಅವರ ಮನೆ. ಒಂದು ಗೋಡೆಗೆ ಟಯರು, ಇನ್ನೊಂದು ಗೋಡೆಗೆ ಅವರ ಮಂಚ. ಹೊಲಿಗೆ ಕಲಿಯುತ್ತಿದ್ದ ಮಗಳು ಆ ಟಯರುಗಳ ಮೇಲೆಯೇ ಕೂತು ಗುಂಡಿ ಹಾಕುತ್ತಿದ್ದಳು. ಕೆಲಸ ಇರುವ ತನಕ ಶೆಡ್ಡು. ಅದನ್ನು ಧಣಿ ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಮೂಗು ಹೋಗಿದ್ದು ಯಾವಾಗ ಎಂದು ಅವಳಿಗೂ ಗೊತ್ತಿಲ್ಲ. ಕಣ್ಣು ಹೋದರೆ ಕತ್ತಲಾಗುತ್ತದೆ, ಕಿವಿ ಹೋದರೆ ಸದ್ದಡಗುತ್ತದೆ. ಮೂಗು ಹೋದರೆ ಏನೂ ಆಗುವುದಿಲ್ಲ. ಲೋಕವೆಲ್ಲ ತೊಳೆದಿಟ್ಟಷ್ಟು ಚೊಕ್ಕಟವಾಗಿಬಿಡುತ್ತದೆ. ಒಲೆಗೆ ಬೆನ್ನು ಹಾಕಿ ಕೂತು ಕಾಳು ಆರಿಸುತ್ತಿದ್ದಾಗ, ಹಾಲು ಉಕ್ಕಿ, ಬತ್ತಿ, ಪಾತ್ರೆ ಕಪ್ಪಾಗಿ ಹೊಗೆ ಎದ್ದರೂ ಅವಳು ಕೂತೇ ಇದ್ದಳು. ಮಗಳು ಓಡಿ ಬಂದು, "ಅಮ್ಮಾ! ಬೀದಿ ತನಕ ಸೀದ ವಾಸನೆ ಬರ್ತಿದೆ, ನಿಂಗೇನಾಗಿದೆ?" ಎಂದು ಕೂಗಿದಾಗಲೇ ಅವಳಿಗೆ ಗೊತ್ತಾಗಿದ್ದು. ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದಳು. ಕಣ್ಣಲ್ಲಿ ನೀರು ಬಂತು, ವಾಸನೆ ಬರಲಿಲ್ಲ.

ಗಂಡನಿಗೆ ಹೇಳಿದಳು. ಅವನು ಮಗಳ ಮುಖ ನೋಡಿದ, ತಲೆಯ ಮೇಲಿನ ಮಾಡು ನೋಡಿದ.

"ಬಾಯಿ ಬಿಡ್ಬೇಡ. ನಾನು ಸೋಪು ನೀರು ಹಚ್ಚಿ ನೋಡ್ಕೋತೀನಿ. ಸರಿ ಇದ್ರೆ ಡಿಕ್ಕಿಗೆ ಎರಡು ಸಲ ತಟ್ತೀನಿ. ನೀನು ಸುಮ್ನೆ ಮೂಸ್ದಂಗೆ ಮಾಡು."

"ಮೋಸ ಅಲ್ವಾ?"

"ಯಾರಿಗೆ ಮೋಸ? ಸೋಪೇನು ಸುಳ್ಳು ಹೇಳುತ್ತಾ?"

ಸೋಪು ಸುಳ್ಳು ಹೇಳುತ್ತಿರಲಿಲ್ಲ. ಹಾಗೆಯೇ ನಡೆದುಕೊಂಡು ಹೋಯಿತು. ಹೀಗಾಗಿ ಒಂದು ಕಾರೂ ವಾಪಸು ಬರಲಿಲ್ಲ, ಮೂಗಿನ ಹೆಸರು ಇನ್ನಷ್ಟು ದೊಡ್ಡದಾಯಿತು. ಎಷ್ಟು ದೊಡ್ಡದಾಯಿತೆಂದರೆ, ಇವಳಿರುವಾಗ ಸೋಪಿನ ನೀರಿಗೆ ಹೊತ್ತು ಕಳೆಯುವುದೇಕೆ ಎಂದು ಧಣಿಗೆ ಅನ್ನಿಸತೊಡಗಿತು.

ಅದೇ ವಾರ ಶಾಲೆಯ ವ್ಯಾನು ಬಂತು. ಅದನ್ನು ಓಡಿಸುವ ಮುದುಕ ಹಲ್ಲಿಲ್ಲದ ಬಾಯಲ್ಲಿ ಎಲ್ಲರನ್ನೂ ಅಣ್ಣಾ, ತಾಯಿ ಎಂದು ಮಾತಾಡಿಸುವವನು. "ಪೆಟ್ರೋಲು ನನ್ನ ರಕ್ತ ಕುಡೀತಿದೆ ಧಣಿ. ಗ್ಯಾಸು ಹಾಕ್ಸಿದ್ರೆ ಈ ಗಾಡೀನೂ ಬದುಕುತ್ತೆ, ನಾನೂ ಬದುಕ್ತೀನಿ," ಅಂದ. ಅವನ ವ್ಯಾನಿಗೆ ಹೊಸ ಟ್ಯಾಂಕು ಕೊಡುವ ಮನಸ್ಸು ಧಣಿಗಿರಲಿಲ್ಲ. ಗುಜರಿಯಿಂದ ತಂದ ಟ್ಯಾಂಕೊಂದಿತ್ತು. ಯಾವುದೋ ನಜ್ಜುಗುಜ್ಜಾದ ಕಾರಿನ ಹೊಟ್ಟೆಯಿಂದ ಕಿತ್ತಿದ್ದು. ಅದು ಹುಟ್ಟಿದ ವರ್ಷ ಕೊರೆದಿದ್ದ ಫಲಕವನ್ನು ಉಜ್ಜಿ ತೆಗೆದು, ಮೇಲೆ ಹಸಿರು ಬಣ್ಣ ಬಳಿದಿದ್ದರು. ಫಿಟ್ಟರು ಅದನ್ನು ಹಿಂದಿನ ಸೀಟಿನ ಕೆಳಗೆ ಕೂಡಿಸಿದ. ಮಕ್ಕಳ ಕಾಲು ಅದರ ಮೇಲೆಯೇ ಇಳಿಬೀಳುವ ಜಾಗ.

"ಮಕ್ಕಳು ಗೇಟಲ್ಲಿ ಕಾಯ್ತಿರ್ತವೆ. ಬೇಗ ಕೂರ್ಸಿ, ಬೇಗ," ಮುದುಕ ಚಡಪಡಿಸುತ್ತಿದ್ದ.

ಫಿಟ್ಟರು ಸೋಪಿನ ಮಗ್ಗಿಗೆ ಕೈ ಹಾಕಿದ.

"ಮತ್ತೆ ಆ ಬಟ್ಟೆ ಒಗಿಯೋ ಕೆಲ್ಸ ಶುರು ಹಚ್ಕೊಂಡ್ಯೇನೋ ಬೋಳಿಮಗನೇ?" ಧಣಿ ಮಗ್ಗನ್ನು ಕಾಲಿನಿಂದ ಒದ್ದ. ನೀರು ಚೆಲ್ಲಿ ಸಿಮೆಂಟು ನೆಲದಲ್ಲಿ ಹರಿಯಿತು. "ಹೆಂಡ್ತಿ ಮೂಗು ಏನು ಶೋಕಿಗೆ ಇಟ್ಟಿದ್ದೀಯಾ? ಕೂರ್ಸೋ ಅವಳನ್ನ!"

ಹಿಂದಿನ ಸೀಟಿನಲ್ಲಿ ಪೇಪರು ಹಾಸಿಕೊಂಡು ಅವಳು ಕೂತಳು. ಗ್ಲಾಸು ಏರಿಸಿದಳು. ಎಂಜಿನ್ನು ಗ್ಯಾಸಿನಲ್ಲಿ ಓಡತೊಡಗಿತು. ಬಗ್ಗಿದಳು. ಸೀಟಿನ ಸಂದಿಯಲ್ಲಿ ಒಂದು ಪೆನ್ಸಿಲಿನ ತುಂಡು, ಒಂದು ಪುಟ್ಟ ಕಾಲುಚೀಲ ಸಿಕ್ಕಿಕೊಂಡಿದ್ದವು. ಮ್ಯಾಟಿಗೆ ಮೂಗಿಟ್ಟಳು. ತೊಳೆದಿಟ್ಟ ಹಾಗಿತ್ತು ಲೋಕ.

ಕಿವಿ ಹಿಂದಕ್ಕೆ ಇಟ್ಟು ಕಾದಳು. ಸದ್ದಿಲ್ಲ. ಸದ್ದಿಲ್ಲ. ಆಮೇಲೆ ಬಂತು. ಟಕ್, ಟಕ್.

ಅವಳು ತಲೆಯೆತ್ತಿ ಪಕ್ಕದ ಕನ್ನಡಿ ನೋಡಿದಳು. ಅದರಲ್ಲಿ ಗಂಡ ಕಾಣಿಸುತ್ತಿದ್ದ. ಅವನ ಕೈಯಲ್ಲಿ ಸ್ಪ್ಯಾನರಿತ್ತು. ಮಗ್ಗು ಧಣಿ ಒದ್ದಲ್ಲೇ ಬೋರಲು ಬಿದ್ದಿತ್ತು. ಬ್ರಶ್ಶು ಒಣಗಿ ಬೆಂಚಿನ ಮೇಲಿತ್ತು. ಅವನು ಕನ್ನಡಿಯ ಕಡೆ ನೋಡಲಿಲ್ಲ, ತನ್ನ ಕಾಲ್ಬೆರಳು ನೋಡುತ್ತಿದ್ದ.

"ತಾಯಿ," ಮುದುಕ ಗ್ಲಾಸಿಗೆ ಮುಖವಿಟ್ಟು ಕೂಗಿದ, "ಸರಿ ಇದೆ ತಾನೇ? ಮಕ್ಕಳನ್ನ ಕೂರಿಸ್ತೀನಿ."

ಅವಳ ಹೆಬ್ಬೆರಳು ಮುಷ್ಟಿಯೊಳಗೇ ಉಳಿಯಿತು. ಮುಂದಕ್ಕೆ ಚಾಚಿ ಕೀ ತಿರುಗಿಸಿ ಎಂಜಿನ್ನು ಆರಿಸಿ, ಬಾಗಿಲು ತೆಗೆದು ಇಳಿದಳು.

"ನಂಗೊತ್ತಿಲ್ಲ ಅಜ್ಜ. ನಂಗೆ ವಾಸನೆ ಬರಲ್ಲ."

"ಅಂದ್ರೆ ಸೋರ್ತಿಲ್ಲ ಅಂತ," ಧಣಿ ಮಧ್ಯೆ ಬಾಯಿ ಹಾಕಿದ.

"ಅಂದ್ರೆ ಮೂಗೇ ಸತ್ತುಹೋಗಿದೆ ಅಂತ. ಸುಮಾರು ದಿನ ಆಯ್ತು. ಗ್ಯಾಸೂ ಬರಲ್ಲ, ಹೂವೂ ಬರಲ್ಲ, ನಿಮ್ಮ ಬಾಯಿನ ಸಿಗರೇಟೂ ಬರಲ್ಲ."

ಗ್ಯಾರೇಜಿನಲ್ಲಿ ಕೆಲಸಗಳು ಒಂದೊಂದಾಗಿ ನಿಂತವು. ಧಣಿಯ ಮುಖಕ್ಕೆ ರಕ್ತ ನುಗ್ಗಿತು. "ಮುಂಡೆ! ಇಷ್ಟು ದಿನ ನನ್ನ ಅನ್ನ ತಿಂದು ನಾಟಕ ಆಡಿದ್ಯೇನೇ? ನಿನ್ನ ಮೂಗು ನಂಬ್ಕೊಂಡು ಮಾನ ಮರ್ಯಾದೆ ಒತ್ತೆ ಇಟ್ಟಿದ್ದೀನಲ್ಲೇ ನಾನು! ಗಂಡ ಹೆಂಡ್ತಿ ಇಬ್ರೂ ಗಂಟುಮೂಟೆ ಕಟ್ಟಿ. ಈಗ್ಲೇ!"

"ಧಣಿ, ಅವಳಿಗೆ ಜ್ವರ, ಏನೋ ಬಡಬಡಿಸ್ತಾಳೆ," ಫಿಟ್ಟರು ಕೈ ಮುಗಿದ.

ಅಷ್ಟರಲ್ಲಿ ಮಗಳು ಟೀ ಕ್ಯಾನು ಹಿಡಿದು ಶೆಡ್ಡಿನಿಂದ ಬಂದಳು. ವ್ಯಾನಿನ ತೆರೆದ ಬಾಗಿಲು ದಾಟಿದವಳೇ ಅಂಗೈಯಲ್ಲಿ ಮೂಗು ಮುಚ್ಚಿಕೊಂಡಳು.

"ಥೂ! ಏನಮ್ಮ ಇದು ಕೊಳೆತ ನಾತ?"

ಧಣಿ ಬಗ್ಗಿ ಮೂಸಿ ನೋಡಿದ. ಇನ್ನೊಬ್ಬ ಕೆಲಸಗಾರನೂ ಮೂಸಿದ. ಇಬ್ಬರಿಗೂ ಏನೂ ಸಿಗಲಿಲ್ಲ. ಧಣಿ ನೆಟ್ಟಗಾಗಿ ಹುಡುಗಿಯನ್ನು ತಲೆಯಿಂದ ಕಾಲಿನ ತನಕ ನೋಡಿದ. ಅವನ ಮುಖದಲ್ಲಿದ್ದ ಸಿಟ್ಟು ಇಳಿದು, ಅಂಗಡಿಯಲ್ಲಿ ಒಳ್ಳೆಯ ಮಾಲು ಕಂಡವನ ಕಳೆ ಬಂತು.

"ಅಬ್ಬಬ್ಬಾ! ಮೂಗು ಅಂದ್ರೆ ಇದು. ಶೆಡ್ಡಲ್ಲೇ ಇತ್ತಲ್ಲೋ ಇಂಥ ಮಾಲು!" ಎಂದ. "ಏ ಫಿಟ್ಟರು, ಗಂಟುಮೂಟೆ ಬಿಚ್ಚು. ಯಾರೂ ಎಲ್ಲೂ ಹೋಗ್ಬೇಡಿ. ಇವಳು ಮತ್ತೆ ಪೊರಕೆ ಹಿಡೀಲಿ. ನಾಳೆಯಿಂದ ಮಗಳನ್ನ ಕೂರ್ಸು."

ಫಿಟ್ಟರನ ಮುಗಿದ ಕೈಗಳು ಹಾಗೆಯೇ ಇದ್ದವು. ಅವನು ತಲೆಯಾಡಿಸಲೂ ಇಲ್ಲ, ಬೇಡವೆನ್ನಲೂ ಇಲ್ಲ.

"ಮತ್ತೆ ನನ್ನ ಗಾಡಿ?" ಮುದುಕ ಕೇಳಿದ. "ಸೋರ್ತಿದೆ ಅಂತಿದೆಯಲ್ಲ ಮಗು."

"ಎಳೆಯಷ್ಟು. ಏ, ಒಂದು ಸುತ್ತು ಟೇಪು ಸುತ್ತೋ ಅದಕ್ಕೆ. ಕಿಟಕಿ ತೆಗೆದು ಓಡ್ಸು ಹೋಗಯ್ಯ, ಗಾಳಿಗೆ ಎಲ್ಲ ಹೋಗುತ್ತೆ. ಏನೂ ಆಗಲ್ಲ."

"ಏನೂ ಆಗಲ್ಲ ಅಂದ್ರೆ ಆ ಸಿಗರೇಟು ಇಲ್ಲೇ ಹಚ್ಚಿ ಧಣಿ, ನೋಡೋಣ," ಅವಳು ಅಂದಳು.

ಧಣಿಯ ಬೆರಳ ನಡುವೆ ಹಚ್ಚದ ಸಿಗರೇಟಿತ್ತು. ಅದನ್ನು ಕಿಸೆಗೆ ಸೇರಿಸಿ, ಮುದುಕನ ಕಡೆ ತಿರುಗಿ, "ಹೋಗೋ ಮುದಿಗೂಬೆ, ಬೇಡಾದ್ರೆ ತಳ್ಕೊಂಡು ಹೋಗು," ಅಂದ.

ಶಾಲೆಯ ಗೇಟಿಗೆ ಹೊತ್ತಾಗುತ್ತಿತ್ತು. ಮುದುಕ ಒಮ್ಮೆ ವ್ಯಾನು ನೋಡಿದ, ಒಮ್ಮೆ ರಸ್ತೆ ನೋಡಿದ. ಒಂದು ಹೆಜ್ಜೆ ಮುಂದಿಟ್ಟ.

ಅವನಿಗಿಂತ ಮುಂಚೆ ಅವಳು ಹತ್ತಿದಳು. ಡ್ರೈವರ್ ಸೀಟಿನ ಕಡೆಯಿಂದ ನುಗ್ಗಿ, ಕೀ ಕಿತ್ತು ಮುಷ್ಟಿಯಲ್ಲಿ ಹಿಡಿದು, ಒಂದೊಂದೇ ಬಾಗಿಲಿನ ಲಾಕು ಒತ್ತಿದಳು. ಹಿಂದಿನ ಸೀಟಿಗೆ ದಾಟಿ ಅದೇ ಪೇಪರಿನ ಮೇಲೆ ಕೂತಳು. ಗ್ಲಾಸು ಏರಿಸಿಯೇ ಇತ್ತು.

"ಏಯ್! ಏಯ್! ಇಳಿಯೇ ಲೌಡಿ!" ಧಣಿ ಬಾಗಿಲು ಎಳೆದ. ಬರಲಿಲ್ಲ. ಯಾರೋ ಕಬ್ಬಿಣದ ಸಲಾಕೆ ತಂದರು. ಇನ್ನೊಬ್ಬ ಅದನ್ನು ಕಸಿದುಕೊಂಡ. "ಕಬ್ಬಿಣ ತಾಗಿಸ್ಬೇಡ್ವೋ, ಕಿಡಿ ಹಾರಿದ್ರೆ ಎಲ್ರೂ ಹೋಗ್ತೀವಿ!" ಎಂದ ಕೂಡಲೇ ಕೆಲಸಗಾರರೆಲ್ಲ ರಸ್ತೆಗೆ ಸರಿದರು. ಬೀರುವಿನೊಳಗಿನ ಮಿಷನ್ನು ತರಬಹುದು ಎಂದು ಯಾರಿಗೂ ಹೊಳೆಯಲಿಲ್ಲ. "ಅಮ್ಮಾ, ಅಮ್ಮಾ" ಎಂದು ಮಗಳು ಮಾತ್ರ ಗ್ಲಾಸನ್ನು ಅಂಗೈಯಲ್ಲಿ ಬಡಿಯುತ್ತಿದ್ದಳು. ಅವಳು ಮಗಳಿಗೆ ಕೈಸನ್ನೆ ಮಾಡಿದಳು. ದೂರ ಹೋಗು, ಇನ್ನೂ ದೂರ. ಫಿಟ್ಟರು ಬಂದು ಮಗಳ ತೋಳು ಹಿಡಿದು ಎಳೆದ. ಅವನ ಕಡೆ ಅವಳು ನೋಡಲಿಲ್ಲ.

ವ್ಯಾನಿನ ಬಳಿ ಧಣಿಯೊಬ್ಬನೇ ಉಳಿದ. ಬೀದಿಯಲ್ಲಿ ಜನ ಸೇರುತ್ತಿದ್ದರು. ಅವನು ಕಿಟಕಿಯ ಹತ್ತಿರ ಬಗ್ಗಿ, ಬೆರಳ ಗೆಣ್ಣಿನಿಂದ, ಕಾಯಿಲೆಯವರ ಕೋಣೆಯ ಕದ ತಟ್ಟುವ ಹಾಗೆ, ಮೆಲ್ಲಗೆ ತಟ್ಟಿದ.

"ಇಳಿಯಮ್ಮಾ. ತಾಯೀ, ನಿನ್ ಕಾಲಿಗೆ ಬೀಳ್ತೀನಿ, ಇಳಿ. ಟ್ಯಾಂಕು ತೆಗಿಸ್ತೀನಿ. ಏನ್ ಬೇಕು ನಿಂಗೆ ಹೇಳು?"

ಉಸಿರಿಗೆ ಗ್ಲಾಸು ಮಬ್ಬಾಗಿತ್ತು. ಅವಳು ಅಂಗೈಯಿಂದ ಅದನ್ನು ಒರೆಸಿ ಅವನ ಮುಖ ನೋಡಿದಳು. ಆಮೇಲೆ ತಾನು ಕೂತಿದ್ದ ಪೇಪರನ್ನು ಎಳೆದು ತೆಗೆದಳು. ಪಕ್ಕದ ಸೀಟಿನ ಮೇಲೆ ಅದನ್ನು ಹಾಸಿ, ಸುಕ್ಕುಗಳನ್ನು ಬಿಡಿಸಿ, ಅಂಚನ್ನು ನೆಟ್ಟಗೆ ಮಾಡಿದಳು. ತಾನು ಬರಿಯ ಸೀಟಿನ ಮೇಲೆ ಬೆನ್ನು ಚಾಚಿ ಆರಾಮವಾಗಿ ಕೂತಳು. ಕೀ ಇದ್ದ ಮುಷ್ಟಿಯಿಂದ ಪೇಪರಿನ ಮೇಲೆ ತಟ್ಟಿ, ಬಾ ಎಂದು ಧಣಿಯನ್ನು ಕರೆದಳು.