ಊಟದ ಸೈರನ್

ಗುಡ್ಡದ ಮೇಲಿನ ಸೈನ್ಯದ ಠಾಣೆಯವರು ದಿನಾ ಮಧ್ಯಾಹ್ನ ಸೈರನ್ ಕೂಗಿಸುತ್ತಿದ್ದರು. ನಿಜವಾದ ಅಪಾಯ ಬಂದಾಗ ಅದು ಕೆಟ್ಟು ಕೂತಿರಬಾರದು ಎಂದು ಪರೀಕ್ಷೆಯಂತೆ. ಗುಡ್ಡದ ಕೆಳಗಿನ ನಮಗೆ ಅದು ಊಟದ ಗಂಟೆ. ನಮ್ಮ ಹೊಲಿಗೆ ಶೆಡ್ಡಿನ ಗೋಡೆ ಗಡಿಯಾರ ನಿಂತು ಯಾವ ಕಾಲವಾಗಿತ್ತೋ. ಸೆಲ್ ಹಾಕಿಸಿ ಎಂದರೆ ಸೂಪರ್‌ವೈಸರ್, ಸೈರನ್ ಇದೆಯಲ್ಲ, ಇನ್ನೇನು ಬೇಕು ಎನ್ನುತ್ತಿದ್ದರು. ಅದು ಕೂಗಿದ್ದೇ ಮೆಷಿನ್‌ಗಳು ನಿಲ್ಲುತ್ತಿದ್ದವು. ಎಲ್ಲರೂ ಡಬ್ಬಿ ಹಿಡಿದು ಹಿಂದಿನ ತಗಡಿನ ಚಪ್ಪರಕ್ಕೆ ನಡೆಯುತ್ತಿದ್ದೆವು. ಎಲ್ಲರಿಗಿಂತ ಮುಂದೆ ನನ್ನ ಅಕ್ಕ. ಹಸಿವು ತಡೆಯುವ ಹೆಂಗಸಲ್ಲ ಅವಳು. ಕಿವಿಯೂ ಬಲು ಚುರುಕು, ಸೈರನ್ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲೇ ಎದ್ದಿರುತ್ತಿದ್ದಳು.

ಆ ದಿನ ಅದು ಬೇಗ ಕೂಗಿತು. ಯಾರ ಹೊಟ್ಟೆಯೂ ಇನ್ನೂ ತಾಳ ಹಾಕಿರಲಿಲ್ಲ.

“ಇವತ್ತು ಅವರಿಗೂ ಬೇಗ ಹಸಿವಾಗಿರ್ಬೇಕು ಬಿಡು,” ಎಂದು ಅಕ್ಕ ಡಬ್ಬಿ ಹಿಡಿದು ಹೊರಟೇಬಿಟ್ಟಳು. ನಾನು ಕೈಯಲ್ಲಿದ್ದ ಜೇಬನ್ನು ಮುಗಿಸಿಯೇ ಏಳೋಣವೆಂದು ಕೂತೆ. ಅದೂ ಯಾರ ಜೇಬು? ಗುಡ್ಡದ ಮೇಲಿನವರ ಪ್ಯಾಂಟಿನದೇ. ಅವರ ಸಮವಸ್ತ್ರ ಹೊಲಿಯುವವರು ನಾವೇ. ಆ ಜೇಬು ಮುಗಿಯುವ ಮೊದಲೇ ಚಪ್ಪರದಾಚೆಯ ಖಾಲಿ ಜಾಗದಲ್ಲಿ ಅವರ ರಾಕೆಟ್ ಬಿತ್ತು.

ಏನಾಗಿತ್ತೆಂದು ಆಮೇಲೆ ತಿಳಿಯಿತು. ಮೇಲೆ ಯಾರೋ ದೊಡ್ಡವರು ನೋಡಲು ಬಂದಿದ್ದರಂತೆ. ದಿನಾ ಅಭ್ಯಾಸಕ್ಕೆ ಒತ್ತುವ ರಾಕೆಟ್ಟಿನ ಗುಂಡಿಯನ್ನು ಅವರೆದುರೂ ಒತ್ತಿ ತೋರಿಸಿದ್ದಾರೆ. ರಾಕೆಟ್ ಹಾರದಿರಲೆಂದು ಒತ್ತುವ ಮೊದಲು ಬಿಚ್ಚಿಡಬೇಕಾದ ತಂತಿಯನ್ನು ಮಾತ್ರ ಬಿಚ್ಚಿರಲಿಲ್ಲ. ಅದು ನೆಟ್ಟಗೆ ಆಕಾಶಕ್ಕೆ ಹಾರಿದ ಮೇಲೆ ಸೈರನ್ ನೆನಪಾಗಿದೆ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಮಾತು ಇಂಥವರಿಗಾಗಿಯೇ ಹುಟ್ಟಿರಬೇಕು.

ಯಾರೂ ಸಾಯಲಿಲ್ಲ, ದೇವರು ದೊಡ್ಡವನು ಎಂದು ಊರೆಲ್ಲ ಹೇಳಿತು. ಎಲ್ಲರಿಗಿಂತ ಮೊದಲು ಚಪ್ಪರ ಸೇರಿದ್ದ ಅಕ್ಕನ ಎರಡೂ ಕಿವಿ ಹೋಗಿದ್ದವು. ಇನ್ನು ಬರುವುದಿಲ್ಲ ಎಂದು ಡಾಕ್ಟರು ನನಗೆ ಹೇಳಿದರು, ಅವಳಿಗೆ ನಾನು ಕೈಸನ್ನೆಯಲ್ಲಿ ಹೇಳಿದೆ. ಅಂಥ ಸನ್ನೆ ಯಾರಿಗೂ ಬೇಡ. ಅಕ್ಕ ಕೇಳಿದ್ದು ಒಂದೇ: ಮಾಡಿದವರು ಬಂದು ತನ್ನ ಮುಖ ನೋಡಿ ತಪ್ಪಾಯಿತು ಎನ್ನಬೇಕು. ಅಷ್ಟಾದರೆ ಸಾಕಂತೆ.

ಒಬ್ಬ ಅಧಿಕಾರಿ ಬಂದರು. ನಾವೇ ಹೊಲಿದ ಪ್ಯಾಂಟು, ಇಸ್ತ್ರಿಯ ಗೆರೆ ಒಂದಿಷ್ಟೂ ಅಲುಗಿರಲಿಲ್ಲ. ಶೆಡ್ಡಿನ ನಡುವೆ ನಿಂತು, ಸೈರನ್ ಸರಿಯಾಗಿಯೇ ಕೆಲಸ ಮಾಡಿದೆ, ಅದು ಕೂಗಿದಾಗ ಒಳಗಿರುವುದು ಬಿಟ್ಟು ಹೊರಗೆ ಹೋದದ್ದು ಯಾರ ತಪ್ಪು ಎಂದು ನಮ್ಮನ್ನೇ ಕೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು.

“ದಿನಾ ಸುಮ್‌ಸುಮ್ನೆ ಕೂಗೋದು ಒಂದಿನ ನಿಜವಾಗ್ಲೂ ಕೂಗಿದ್ರೆ ನಮಗೆ ಹೇಗೆ ಗೊತ್ತಾಗ್ಬೇಕು ಸರ್? ಗುಂಡಿ ಒತ್ತಿದ ನಿಮ್ಮವರಿಗೇ ಗೊತ್ತಾಗ್ಲಿಲ್ಲ.”

ಅವರು ಶಿಸ್ತಿನ ಬಗ್ಗೆ ಏನೋ ಹೇಳಿದರು. ಅಕ್ಕ ಅವರ ತುಟಿಯನ್ನೇ ನೋಡುತ್ತಿದ್ದಳು.

“ಏನಂದ್ರೇ? ತಪ್ಪಾಯ್ತು ಅಂದ್ರಾ?” ಎಂದು ನನ್ನನ್ನು ಕೇಳಿದಳು. ಈಗ ಅವಳ ದನಿ ದೊಡ್ಡದು, ಅದು ಅವಳಿಗೆ ಗೊತ್ತಿಲ್ಲ.

“ಏನು ಹೇಳ್ಲಿ ಸರ್ ಅವಳಿಗೆ?” ಎಂದೆ.

ವಿಚಾರಣೆ ನಡೆಯುತ್ತಿದೆ, ಈಗಲೇ ಏನೂ ಹೇಳುವಂತಿಲ್ಲ ಎಂದರು. ನಾನು ಅಕ್ಕನತ್ತ ತಿರುಗಿ ಹೌದೆಂದು ತಲೆಯಾಡಿಸಿದೆ.

“ಪಾಪ, ಒಳ್ಳೆಯವರು,” ಎಂದು ಅಕ್ಕ ಅವರಿಗೆ ಕೈಮುಗಿದಳು. ಅವರೂ ತಿರುಗಿ ಕೈಮುಗಿದು ಹೋದರು. ನನ್ನ ಸಿಟ್ಟನ್ನು ಯಾರ ಮೇಲೆ ಹಾಕಲಿ, ಮೆಷಿನ್ನಿನ ಮೇಲೆ ಹಾಕಿ ಸೂಜಿ ಮುರಿದೆ.

ಈಗಲೂ ಸೈರನ್ ದಿನಾ ಮಧ್ಯಾಹ್ನವೇ ಕೂಗುತ್ತದೆ. ಪರೀಕ್ಷೆ ತಪ್ಪಿಸುವಂತಿಲ್ಲವಂತೆ. ಬದಲಾದದ್ದು ನಾವು: ಅದು ನಿಲ್ಲುವವರೆಗೆ ಎಲ್ಲರೂ ಮೇಜಿನ ಕೆಳಗೆ ಕೂತಿರಬೇಕೆಂದು ಮೇಲಿನಿಂದ ಆಜ್ಞೆಯಾಗಿದೆ. ಅಕ್ಕನನ್ನು ಕೂರಿಸುವ ಹೊಣೆ ನನ್ನದು.

ಮೊದಲ ದಿನ ಸೈರನ್ ಕೂಗಿದಾಗ ಸೂಪರ್‌ವೈಸರ್ ಸಮೇತ ಎಲ್ಲರೂ ಕೆಳಗೆ ನುಗ್ಗಿದರು. ಅಕ್ಕ ಒಬ್ಬಳೇ ತಲೆ ತಗ್ಗಿಸಿ ಹೊಲಿಯುತ್ತಿದ್ದಳು. ನಾನು ಮೇಜಿನ ಕೆಳಗಿನಿಂದ ಕೈಚಾಚಿ ಪೆಡಲಿನ ಮೇಲಿದ್ದ ಅವಳ ಪಾದ ಎಳೆದೆ. ಅವಳು ಬಗ್ಗಿ ನನ್ನನ್ನು ನೋಡಿದಳು. ಆ ದಿನದಿಂದೀಚೆಗೆ ನೋಡಿರದ ನಗು ಅವಳ ಮುಖದಲ್ಲಿತ್ತು.

“ಕೂಗ್ತಾ? ಮತ್ತೆ ಅಲ್ಲೇನು ಹುಡುಕ್ತಿದೀಯೇ? ಏಳು, ಊಟಕ್ಕೆ ಹೋಗೋಣ.”

ಡಬ್ಬಿ ಹಿಡಿದು, ಎಂದಿನಂತೆ ಎಲ್ಲರಿಗಿಂತ ಮುಂದೆ ಹೊರಟೇಬಿಟ್ಟಳು. ಸೈರನ್ ಇನ್ನೂ ಅರಚುತ್ತಿತ್ತು. ಸೂಪರ್‌ವೈಸರ್ ಕೆಳಗಿನಿಂದಲೇ ನನ್ನನ್ನು ಗದರಿಸುತ್ತಿದ್ದರು. ನಾನು ಎದ್ದು ನನ್ನ ಡಬ್ಬಿ ತೆಗೆದುಕೊಂಡು ಅಕ್ಕನ ಹಿಂದೆ ನಡೆದೆ.