ಸೇತುವೆ ಕಾದವನ ಕೋಟು

ಸೇತುವೆ ಕಾದ ಶತ್ರು ಅಧಿಕಾರಿ ಅತಿಥಿಯಾಗಿ ಬರುತ್ತಾನೆಂಬ ಸುದ್ದಿ ಕೇಳಿದಾಗ ಪಲ್ಟನ್ನಿನ ಟೈಲರಕ್ಕ ಬಟ್ಟೆ ಕತ್ತರಿಸುತ್ತಿದ್ದಳು. ಕತ್ತರಿ ನೆಟ್ಟಗೆ ಹೋಗುತ್ತಿದ್ದದ್ದು ಒಂದು ಬೆರಳಿನಷ್ಟು ವಾಲಿತು. ಮೂವತ್ತು ವರ್ಷದಲ್ಲಿ ಅವಳ ಕೈಯಲ್ಲಿ ಹಾಳಾದ ಬಟ್ಟೆ ಬಹಳ ಕಡಿಮೆ.

ಆ ಸೇತುವೆಯ ಕಥೆ ಪಲ್ಟನ್ನಿನಲ್ಲಿ ನಿನ್ನೆ ಸೇರಿದವನಿಗೂ ಬಾಯಿಪಾಠ. ಶತ್ರುಗಳು ಹನ್ನೊಂದೇ ಜನ, ಒಂದೇ ಮೆಷಿನ್ ಗನ್, ಮೂರು ದಿನ. ಗುಂಡು ಖಾಲಿಯಾಗಿ ಅವರ ಅಧಿಕಾರಿ ಕೈಯೆತ್ತಿ ಹೊರಬಂದಾಗ, ಹಲ್ಲು ಕಡಿಯುತ್ತಿದ್ದ ತನ್ನವರನ್ನು ತಡೆದು ಅಂದಿನ ಕಮಾಂಡರೇ ಅವನಿಗೆ ಸೆಲ್ಯೂಟ್ ಹೊಡೆದರಂತೆ. ಹಗೆಯಾದರೂ ಕಲಿ ಕಲಿಯೇ ಅಂದರಂತೆ. ಅವನ ದುರ್ಬೀನನ್ನು ಇಷ್ಟು ವರ್ಷ ಗಾಜಿನ ಪೆಟ್ಟಿಗೆಯಲ್ಲಿ ಕಾಪಾಡಿದ್ದರು. ಈಗ ಅದನ್ನು ಮರ್ಯಾದೆಯಿಂದ ಹಿಂದಿರುಗಿಸುವ ಸಮಾರಂಭ.

ಆ ಮೂರು ದಿನದಲ್ಲಿ ಸತ್ತ ನಲವತ್ತೊಂದು ಜನರಲ್ಲಿ ಟೈಲರಕ್ಕನ ತಮ್ಮನೂ ಒಬ್ಬ. ಅವನಿಗೆ ಇಪ್ಪತ್ತು ತುಂಬಿರಲಿಲ್ಲ. ಅವನು ಹೋದದ್ದರಿಂದಲೇ ಅವಳಿಗೆ ಈ ಕೆಲಸ ಸಿಕ್ಕಿತ್ತು. ಗುಂಡು ತಗುಲಿ ಆ ಕ್ಷಣವೇ ಹೋದ, ನೋವೇ ಗೊತ್ತಾಗಿರಲಿಕ್ಕಿಲ್ಲ ಎಂದು ಕಾಗದ ಬಂದಿತ್ತು. ಅಮ್ಮ ಆ ಒಂದು ಮಾತನ್ನೇ ಊರುಗೋಲು ಮಾಡಿಕೊಂಡು ಬದುಕು ಸವೆಸಿದ್ದಳು.

ಸಮಾರಂಭದ ದಿನ ಬೆಳಗ್ಗೆ ಒಬ್ಬ ಎಳೆಯ ಅಧಿಕಾರಿ ಹೊಲಿಗೆ ಕೋಣೆಗೆ ಮುದುಕನೊಬ್ಬನನ್ನು ಕರೆತಂದ.

"ಅಕ್ಕ, ಇವರ ಕೋಟು ಸಡಿಲ ಆಗಿದೆ. ಹತ್ತೂವರೆಗೆ ಪರೇಡು. ನಿಮ್ಮ ಕೈಗುಣ ತೋರಿಸಿಬಿಡಿ," ಎಂದು ಹೇಳಿ, ಬಂದಷ್ಟೇ ಅವಸರದಲ್ಲಿ ಹೊರಟುಹೋದ.

ಇವನೇ ಅವನು. ತಾಳೆಮರದಂಥ ಆಳನ್ನು ಕಲ್ಪಿಸಿಕೊಂಡಿದ್ದವಳ ಮುಂದೆ ಕಡ್ಡಿಯಂಥ ಮುದುಕ ನಿಂತಿದ್ದ. ಕೋಟು ಅವನ ಮೇಲೆ ಗೂಟಕ್ಕೆ ತೂಗುಹಾಕಿದಂತಿತ್ತು. ಅವಳು ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅವನ ಬೆನ್ನಿನ ಹಿಂದೆ ನಿಂತಳು.

"ನಾಲ್ಕು ವರ್ಷ ಇಲ್ಲೇ ಸೆರೆಯಲ್ಲಿದ್ದೆ," ಎಂದ ಅವನು, ತೊದಲುತ್ತಲೇ. "ನಿಮ್ಮ ಮಾತು ಅಲ್ಲೇ ಕಲಿತೆ."

ಅವಳು ಸೂಜಿಗಳನ್ನು ಬಾಯಿಂದ ತೆಗೆದಳು. "ಸೇತುವೆ ಹತ್ರ ನನ್ನ ತಮ್ಮ ಇದ್ದ."

ಮುದುಕನ ಬೆನ್ನು ಸೆಟೆಯಿತು. "ಹೆಸರು ಹೇಳಿದ್ರೆ ನಂಗೆ ಗೊತ್ತಾಗಲ್ಲಮ್ಮ."

"ಹೆಸರು ಬೇಡ. ಓಡುವಾಗ ಎಡಭುಜ ವಾಲ್ತಿತ್ತು. ಚಿಕ್ಕೋನಿದ್ದಾಗ ನನ್ನ ಕಂಕುಳಿಂದ ಜಾರಿಬಿದ್ದು ಮೂಳೆ ಮುರ್ಕೊಂಡಿದ್ದ."

ಅವನು ಸ್ಟೂಲಿನ ಮೇಲೆ ಕುಸಿದು ಕೂತ. "ಬೇಕಾದ್ರೆ ಗೊತ್ತಿಲ್ಲ ಅಂತೀನಿ," ಎಂದ.

"ನಿಜ ಹೇಳಿ."

"ಎರಡನೇ ದಿನ. ಗಾಯ ಆದ ಇಬ್ಬರು ಬಯಲಲ್ಲಿ ಬಿದ್ದಿದ್ರು. ಆ ಹುಡುಗ ಓಡಿ ಬಂದು ಒಬ್ಬನ್ನ ಬೆನ್ನ ಮೇಲೆ ಹಾಕ್ಕೊಂಡು ಹೋದ. ನಾನು ಗುಂಡು ಹಾರಿಸಲಿಲ್ಲ. ಯಾರೂ ಹಾರಿಸಬೇಡಿ ಅಂದೆ. ಇನ್ನೊಬ್ಬನಿಗೋಸ್ಕರ ಮತ್ತೆ ಬಂದ. ಅವನ ಹಿಂದೇನೇ ಹತ್ತು ಹನ್ನೆರಡು ಜನ ಎದ್ದು ಮುಂದೆ ನುಗ್ಗಿದ್ರು. ಆಗ..." ಅವನು ಬಲಗೈ ನೋಡಿಕೊಂಡ. "ನಾನೇ ಹೊಡೆದೆ."

"ತಕ್ಷಣ ಹೋದ್ನಾ?"

ಅವನು ತಲೆ ಎತ್ತಲಿಲ್ಲ. "ಇಲ್ಲ. ಸಂಜೆವರೆಗೂ ಇದ್ದ. ಅವನ ಹತ್ರ ಬರೋಕೆ ನಾನು ಯಾರನ್ನೂ ಬಿಡಲಿಲ್ಲ. ಒಂದೇ ಮಾತು ಕೂಗ್ತಿದ್ದ. ನೀರು ಕೇಳ್ತಿದ್ದಾನೆ ಅಂದ್ಕೊಂಡಿದ್ದೆ. ಸೆರೆಯಲ್ಲಿ ನಿಮ್ಮ ಮಾತು ಕಲಿತ ಮೇಲೆ ಗೊತ್ತಾಯ್ತು. 'ಅಕ್ಕಾ' ಅಂತಿದ್ದ."

ಹೊರಗೆ ಬ್ಯಾಂಡಿನವರು ವಾದ್ಯ ಸರಿಮಾಡಿಕೊಳ್ಳುತ್ತಿದ್ದರು. ಟೈಲರಕ್ಕ ಗೋಡೆ ಹಿಡಿದು ನಿಂತಳು. ಅಳು ಬರಲಿಲ್ಲ.

"ಕೋಟು ಬಿಚ್ಚಿ ಕೊಡಿ," ಎಂದಳು ಕೊನೆಗೆ. "ಹೊತ್ತಾಗ್ತಿದೆ."

ಮೆಷಿನ್ನಿನ ಮುಂದೆ ಕೂತಳು. ಹೊಲಿಗೆ ಸೊಟ್ಟಗಾಯಿತು. ಬಿಚ್ಚಿದಳು. ಮತ್ತೆ ಹೊಲಿದಳು, ಮತ್ತೆ ಸೊಟ್ಟ. ಮೂರನೇ ಸಲಕ್ಕೆ ನೆಟ್ಟಗೆ ಬಂತು. ಎಲ್ಲರಿಗೂ ಹಿಡಿಯುವಂತೆ ಅವನಿಗೂ ಕೋಟು ಹಿಡಿದಳು. ಅವನು ತೋಳು ತೂರಿಸಿದ. ಕಣ್ಣೀರು ಅವನ ಸುಕ್ಕುಗಳಲ್ಲಿ ದಾರಿ ಹುಡುಕುತ್ತಿತ್ತು. ಅವಳು ಒರೆಸಿಕೊಳ್ಳಿ ಎನ್ನಲಿಲ್ಲ.

ಪರೇಡು ಚೆನ್ನಾಗಿ ನಡೆಯಿತು. ಕಮಾಂಡರ್ ಸಾಹೇಬರು ಶತ್ರುವಿನ ಎದೆಗಾರಿಕೆ, ಗುರಿಯ ಚಾಕಚಕ್ಯತೆ ಎಲ್ಲವನ್ನೂ ಹೊಗಳಿ ದುರ್ಬೀನು ಕೊಟ್ಟರು. ಆರುನೂರು ಕೈಗಳು ಒಟ್ಟಿಗೆ ಸೆಲ್ಯೂಟಿಗೆ ಏರಿದವು. ಮುದುಕ ಮಾತ್ರ ಕೈಯೆತ್ತದೆ ನಿಂತೇ ಇದ್ದ. ಕಮಾಂಡರ್ ಕಿವಿಯಲ್ಲಿ ಏನೋ ಹೇಳಿದ ಮೇಲೆ ಎತ್ತಿದ. ಸತ್ತವರ ಮನೆಯವರಿಗೆಂದು ಹಾಕಿದ್ದ ಸಾಲಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಟೈಲರಕ್ಕನ ಎರಡು ಕೈಗಳು ಒಂದನ್ನೊಂದು ಮುಟ್ಟಲಿಲ್ಲ.

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಕೂತಿದ್ದಳು. "ಬಂದಿದ್ನಾ ಅವನು? ನಮ್ಮವನ ವಿಷಯ ಏನಾದ್ರೂ ಅಂದ್ನಾ?"

ಟೈಲರಕ್ಕ ಚಪ್ಪಲಿ ಬಿಟ್ಟು ಪಕ್ಕದಲ್ಲಿ ಕೂತಳು. ಅರ್ಧ ಹೇಳಿದಳು. ಗಾಯ ಆದವನನ್ನು ಹೊತ್ತು ತಂದದ್ದು, ಮತ್ತೊಬ್ಬನಿಗಾಗಿ ತಿರುಗಿ ಹೋದದ್ದು, ಅಲ್ಲೇ ಗುಂಡು ತಗುಲಿದ್ದು. ಸಂಜೆಯ ಮಾತನ್ನು ನುಂಗಿಕೊಂಡಳು.

"ಒಬ್ಬನ್ನ ಉಳಿಸಿದ್ನಾ ನನ್ನ ಮಗ?" ಅಮ್ಮನ ಮುಖ ಒಂದು ಕ್ಷಣ ಅರಳಿತು. ಆಮೇಲೆ ಮೆಲ್ಲಗೆ ಮುದುಡಿತು.

"ಒಬ್ಬ ಸಾಕಾಗಿರಲಿಲ್ವೇನೇ? ಎರಡನೇ ಸಲ ಯಾಕೆ ಹೋದ?"

ಮಗಳು ಅಮ್ಮನ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡಳು. ಬೆಳಗ್ಗೆಯಿಂದ ಬಾರದ ಅಳು ಆಗ ಬಂತು.